ಸಾಲ್ಮೆ ಬರೆದುಕೊಟ್ಟ ವಿವರಣೆ

(ತಾರ್ತು, ಎಸ್ಟೋನಿಯಾ. ಡಿಸೆಂಬರ್ ೧೯೫೮)

ಮೂರನೇ ಬೀರುವಿನ ಹುಳುಗಳೇಕೆ ಮಲಗಲಿಲ್ಲ
ಎಂದು ಕೇಳಿದಿರಿ, ಪ್ರೊಫೆಸರ್ ಲೂಯ್ಕ್.
ಬಾಯಲ್ಲಿ ಬೇಡ, ಬರೆದುಕೊಡು ಎಂದಿರಿ.
ಬರೆಯುತ್ತಿದ್ದೇನೆ.

ಬೆಳಿಗ್ಗೆ ಎಂಟಕ್ಕೆ ದೀಪ ಹಾಕಿದ್ದೇನೆ,
ರಾತ್ರಿ ಎಂಟಕ್ಕೆ ಆರಿಸಿದ್ದೇನೆ.
ಗಡಿಯಾರ ನಿಮ್ಮದೇ, ರೇಡಿಯೋ ಕೇಳಿ ತಿದ್ದಿದ್ದು.
ಎಲೆಕೋಸು ತಾಜಾ, ನೀರು ಒರೆಸಿ ಇಟ್ಟಿದ್ದು.
ಶಾಖ ಹದಿನೆಂಟು ಡಿಗ್ರಿ; ಒಂದು ದಿನ ಹತ್ತೊಂಬತ್ತು,
ಅದೂ ಪುಸ್ತಕದಲ್ಲಿದೆ.

ನಾನು ಸೀಸೆ ತೊಳೆಯುವವಳು.
ಆದರೂ ಆರು ವರ್ಷ ಈ ಹುಳುಗಳಿಗೆ
ಹಗಲು ಬಡಿಸಿದವಳು, ಇರುಳು ಹೊದಿಸಿದವಳು.
ಅವು ಚಳಿಯ ಮಾತು ನಂಬುವುದಿಲ್ಲ.
ಚಳಿ ಸೆಪ್ಟೆಂಬರಿನಲ್ಲಿ ಬಂದು ಗದರಿಸುತ್ತದೆ,
ಅಕ್ಟೋಬರಿನಲ್ಲಿ ಬಿಸಿಲಿಗೆ ಕೂತು ಮರೆತೇಬಿಡುತ್ತದೆ.
ಹಗಲಿನ ಅಳತೆ ಹಾಗಲ್ಲ.
ಆಗಸ್ಟ್ ಮುಗಿಯುವಾಗ, ಹುಡುಗರಿನ್ನೂ
ಎಮಾಯೊಗಿ ನದಿಗೆ ದುಮುಕುತ್ತಿರುವಾಗಲೇ,
ಎಲೆಯ ಅಡಿಯಲ್ಲಿ ತಲೆಕೆಳಗಾಗಿ ಅಂಟಿಕೊಂಡು
ಒಂದು ಹಸಿರು ಹುಳು ಒಳಗೊಳಗೇ ಲೆಕ್ಕ ಮುಗಿಸುತ್ತದೆ:
ಈ ಸಲ ರೆಕ್ಕೆ ಬೇಡ.
ಗೋಡೆಯ ಸಂದು ಹಿಡಿ, ಸೊಂಟಕ್ಕೊಂದು ನೂಲು ಬಿಗಿ,
ಉಸಿರು ಸಣ್ಣದು ಮಾಡು, ಏಪ್ರಿಲ್ ಬರಲಿ.

ಈಗ ಕೇಳಿದ್ದಕ್ಕೆ ಬರುತ್ತೇನೆ.

ನವೆಂಬರ್ ನಮ್ಮಲ್ಲಿ ಆತ್ಮಗಳ ಕಾಲ.
ನಮ್ಮಮ್ಮ ಆಗ ರಾಟೆ ಮುಟ್ಟುತ್ತಿರಲಿಲ್ಲ,
ಬಾಗಿಲು ಬಡಿಯಲು ಬಿಡುತ್ತಿರಲಿಲ್ಲ;
ಹೋದವರು ಮನೆಗೆ ಬರುತ್ತಾರೆ, ಸದ್ದು ಮಾಡಬೇಡಿ.
ಒಬ್ಬೊಬ್ಬರಿಗೆ ಒಂದೊಂದು ಮೇಣದಬತ್ತಿ, ಕಿಟಕಿಯಲ್ಲಿ.
ನನಗೂ ಒಬ್ಬನಿದ್ದಾನೆ, ವಿಲ್ಲೆಮ್ ಎಂದು.
ಮಾರ್ಚಿನ ಒಂದು ರೈಲು ಹತ್ತಿಸಿದರು.
ಆಮೇಲೆ ಕಾಗದವಿಲ್ಲ, ಗೋರಿಯಿಲ್ಲ, ತಾರೀಖಿಲ್ಲ.
ನನ್ನ ಕೋಣೆಯ ಕಿಟಕಿ ಅಂಗಳಕ್ಕೆ ಕಾಣುತ್ತದೆ.
ಅಂಗಳಕ್ಕೆ ಹದಿನಾಲ್ಕು ಕಿಟಕಿಗಳು ಕಾಣುತ್ತವೆ.
ಯಾರ ಮನೆಯಲ್ಲಿ ಯಾವ ದಿನ ಏನು ಉರಿಯಿತು
ಎಂದು ಬರೆದಿಡುವವರು ಅಲ್ಲೂ ಇದ್ದಾರೆ,
ನಮ್ಮ ಪುಸ್ತಕಕ್ಕಿಂತ ಚೊಕ್ಕವಾಗಿ.

ನನಗೆ ಗೊತ್ತಿದ್ದಂತೆ ಈ ಊರಿನಲ್ಲಿ
ಕಿಟಕಿಯೇ ಇಲ್ಲದ ಕೋಣೆ ಒಂದೇ.
ಬೀಗದ ಕೈ ನನ್ನ ಮುಂಗಟ್ಟಿನ ಜೇಬಿನಲ್ಲಿತ್ತು.

ಎರಡನೇ ತಾರೀಖಿನಿಂದ ಹದಿಮೂರರವರೆಗೆ,
ಸೀಸೆಗಳು ಮುಗಿದ ಮೇಲೆ, ರಾತ್ರಿ ಹನ್ನೊಂದಕ್ಕೆ.
ಬಿಸಿ ತಾಗದಿರಲೆಂದು ಬೀರುಗಳಿಂದ ದೂರವೇ ಇಟ್ಟೆ.
ಮೂರನೆಯದರ ಬಾಗಿಲು ಸರಿಯಾಗಿ ಕೂರುವುದಿಲ್ಲ,
ಬೇಸಿಗೆಯಲ್ಲೇ ಹೇಳಿದ್ದೆ, ಬಡಗಿ ಬರಲಿಲ್ಲ.
ಕಾಲು ಗಂಟೆ ಉರಿಯಿತು, ಅಷ್ಟೇ.
ಅಳಲಿಲ್ಲ. ಅವನ ಕೋಟಿನ ಬಣ್ಣ ನೆನಪಿಸಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ, ಒಂದು ಬೆರಳಗಲದ ಸಂದಿಯಾಚೆ,
ಎಣಿಸುತ್ತಿದ್ದವು ಎಣಿಕೆ ತಪ್ಪಿದವು.
ಕತ್ತಲೆಯನ್ನು ಅಲ್ಲಿಗೇ ಕತ್ತರಿಸಿದಂತಾಯಿತು.
ಹನ್ನೆರಡು ತಾಸಿನ ಇರುಳು ಅವಕ್ಕೆ
ಜೂನ್ ತಿಂಗಳ ಎರಡು ತುಂಡುಗಳಾಗಿ ಕಂಡಿತೇನೋ.
ಹಗಲು ಇದ್ದಷ್ಟೇ ಇತ್ತು, ಪ್ರೊಫೆಸರ್.
ಇರುಳು ಮಾತ್ರ ಹರಿದಿತ್ತು.
ಇದು ನಿಮ್ಮ ಕೆಲಸಕ್ಕೆ ಬಂದರೆ ಬರಲಿ,
ಮೇಣದಬತ್ತಿ ಎಂದು ಬರೆಯಬೇಡಿ.
ಬೆಳಕು ಎಂದರೆ ಸಾಕು.

ಮೊನ್ನೆ ಬಾಗಿಲು ತೆರೆದೆ.
ನಲವತ್ತೊಂದು ಬಿಳಿ ಚಿಟ್ಟೆಗಳು, ಒದ್ದೆ ರೆಕ್ಕೆ ಆರಿಸಿಕೊಳ್ಳುತ್ತ.
ಹೊರಗೆ ಮಂಡಿಯುದ್ದ ಹಿಮ.
ಅವಕ್ಕೆ ಹೂವಿಲ್ಲ, ಮೊಟ್ಟೆ ಇಡಲು ಎಲೆಯಿಲ್ಲ.
ಸಕ್ಕರೆ ನೀರು ಕೊಟ್ಟೆ, ನನ್ನ ಪಾಲಿನ ಸಕ್ಕರೆಯಲ್ಲಿ.
ಒಂದು ನನ್ನ ತೋಳಿಗೆ ಹತ್ತಿ ಬಂತು,
ಕಾರಿಡಾರಿನ ಕಿಟಕಿಗಾಜಿಗೆ ಹೋಗಿ ಬಡಿದುಕೊಂಡಿತು,
ಆಚೆಯ ಬಿಳಿಯನ್ನೆಲ್ಲ ತನ್ನವರೆಂದುಕೊಂಡಂತೆ.

ಲೆಕ್ಕಕ್ಕೆ ನಲವತ್ತೆರಡು ಇರಬೇಕು.
ಬಾಗಿಲ ಹಿಂದಿನ ಮೂಲೆಯಲ್ಲಿ
ಬೆಳಕು ತಲುಪದೆ ಒಂದು ಉಳಿದುಕೊಂಡಿದೆ,
ಬೂದು ಕೋಶ, ನೂಲಿನ ನಡುಪಟ್ಟಿ, ಅಲುಗುವುದಿಲ್ಲ.
ಸತ್ತಿಲ್ಲ. ತೂಗಿ ನೋಡಿದೆ.

ನನ್ನನ್ನು ಏನು ಮಾಡುತ್ತೀರೋ ಮಾಡಿ.
ಅದನ್ನು ನೆಲಮಾಳಿಗೆಯ ತಣ್ಣಗಿನ ಗೂಡಿನಲ್ಲಿಟ್ಟಿದ್ದೇನೆ.
ಏಪ್ರಿಲಿನಲ್ಲಿ ಯಾರಾದರೂ ಮರೆಯದೆ ಹೊರಗೆ ತರಬೇಕು.