ಬೆಳೆದ ಮರ

ಬೆಂಕಿಪೊಟ್ಟಣದಲ್ಲಿ ತಂದಿದ್ದಳು ಹೆಲ್ಯು:
ಪಾಚಿಯ ಹಾಸು, ಮೇಲೊಂದು ಮರದ ಚಕ್ಕೆ,
ಚಕ್ಕೆಗಂಟಿದ ನಾಲ್ಕು ತೊಟ್ಟು ಹಳದಿ.
ದಾರಿಯಲ್ಲೇ ಒಣಗಿ ಹಕ್ಕಳೆಗಟ್ಟಿತ್ತು.
"ಜೀವ ಇದೆಯಾ ನೋಡಮ್ಮಾ ಟೀಚರೇ."

ಎರಡು ಹನಿ ನೀರು ಬಿಟ್ಟು
ಮೂರು ಉತ್ತರಪತ್ರಿಕೆ ತಿದ್ದುವಷ್ಟರಲ್ಲಿ
ಉಬ್ಬಿ ಕೂತಿತ್ತು, ಬೆರಳಿಟ್ಟರೆ ನಡುಗುವ ಲೋಳೆ,
ಶೀತವಾದ ಮಗುವಿನ ಮೂಗಿನ ಹೊಳಪು.

ಹೊರಗೆ ಹಿಯುಮಾ ದ್ವೀಪದ ನವೆಂಬರು,
ಮೂರೂವರೆಗೇ ದೀಪ ಹಾಕಿದ ಶಾಲೆ.

ಹೊನ್ನ ಮೆಲ್ಲೆಲುಬು ಅಂತೀವಲ್ಲ,
ಆ ಅಣಬೆ ಇರಬೇಕು, ಅಂದೆ ಮೊದಲು.
ಎಲೆ ಉದುರಿಸುವ ಮರದ್ದು ಅದು. ಆಲ್ಡರು, ಓಕು.
"ಓಕು, ಸರಿ. ಅಪ್ಪ ಕಟ್ಟಿದ ದೋಣಿಯದು.
ನಲವತ್ತನಾಲ್ಕರಲ್ಲಿ, ಊರಿಗೆ ಊರೇ
ರಾತ್ರೋರಾತ್ರಿ ಸ್ವೀಡನ್ನಿನ ಕಡೆ ಹುಟ್ಟು ಹಾಕಿದಾಗ
ನಾವು ಉಳಿದೆವು. ಓಕಿನ ದೋಣಿ, ಹೆಣಭಾರ.
ನೀರಿಗೆ ಎಳೆಯಲಾಗಲಿಲ್ಲ ಅಪ್ಪನಿಗೆ."
ಪಾಠ ಒಪ್ಪಿಸಿದ ಹಾಗೆ ಹೇಳಿದಳು.

ಚೂರಿಯಲ್ಲಿ ಒಂದು ತೊಟ್ಟು ಕಿತ್ತೆ.
ಬುಡ ಬಿಳಿ, ಬೇರಿನ ಹಾಗೆ ಮರದೊಳಕ್ಕೆ ಇಳಿದಿತ್ತು.
ಅಲ್ಲೇ ಅನುಮಾನ.

ಹೊನ್ನ ಮೆಲ್ಲೆಲುಬಾದರೆ ಕೋಶ ದುಂಡಗೆ,
ರೊಟ್ಟಿ ಮುರಿದಂತೆ ನಾಲ್ಕು ಹೋಳು.
ಮಸೂರದಡಿ ಕಂಡದ್ದು ಕವೆ.
ಒಂದೇ ಕಾಲು, ಮೇಲೆತ್ತಿದ ಎರಡು ತೋಳು,
ಹುಡುಗರು ಚಾಟಿಬಿಲ್ಲಿಗೆ ಹುಡುಕುವಂಥ ಕವೆ
ಸಾಲು ಸಾಲು.
ಬೀಜಕಣದೊಳಗೆ ಏಳು ಅಡ್ಡಗೋಡೆ,
ಮತ್ತೊಮ್ಮೆ ಎಣಿಸಿದೆ, ಏಳೇ.

ಇದರ ಕುಲ ಬೇರೆ, ಅಂದೆ.
ಸೂಜಿಯೆಲೆಯ ಮರ ಬಿಟ್ಟರೆ
ಸಾಮಾನ್ಯವಾಗಿ ಬೇರೆಯದರ ತಂಟೆಗೆ ಹೋಗದು.
ಸಾಮಾನ್ಯವಾಗಿ, ಅಂತ ಇನ್ನೊಮ್ಮೆ ಅಂದೆ,
ಹಿಡಿದುಕೊಳ್ಳಲು ಅವಳಿಗೊಂದು ಗೂಟ ಇರಲೆಂದು.

ಅವಳು ಚಕ್ಕೆಯನ್ನು ಉಗುರಲ್ಲಿ ಕೆರೆದು
ಮೂಗಿಗೆ ಹಿಡಿದಳು.
ಎಂಬತ್ತು ವರ್ಷದ ಕೆಳಗಿನ ರಾಳ.
ಮೇಜಿನ ಈಚೆ ನನಗೂ ಬಂತು ವಾಸನೆ.

ಪೈನು ಹಗುರ.
ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

"ಪುನಿಕ್ ಆ ವಾರ ಕರು ಹಾಕುವುದರಲ್ಲಿತ್ತು,"
ಅಂದಳು ಹೆಲ್ಯು, ಕಿಟಕಿಗೆ.
"ಕಂದು ಹಸು. ಅಪ್ಪನ ದನಿಗಷ್ಟೇ ಹಾಲು ಇಳಿಸೋದು."

ಕೋಟು ತೊಟ್ಟು, ಬಾಗಿಲಲ್ಲಿ ತಿರುಗಿ,
ಅಣಬೆ ತಂದವರೆಲ್ಲ ಕೇಳುವುದನ್ನೇ ಕೇಳಿದಳು:
"ತಿನ್ನಬಹುದಾ?"
ವಿಷವಿಲ್ಲ. ರುಚಿಯೂ ಇಲ್ಲ.
"ಹಂಗಾದರೆ ಬೇಡ ಬಿಡು."

ಪೊಟ್ಟಣ ಮೇಜಿನ ಮೇಲೇ ಉಳಿಯಿತು.
ಮರೆತಳೋ, ಬಿಟ್ಟಳೋ.
ಚೀಟಿ ಅಂಟಿಸಿದೆ: ದಿನಾಂಕ, ದ್ವೀಪ, ತಂದವರ ಹೆಸರು.
'ಬೆಳೆದ ಮರ' ಎಂಬ ಕಡೆ ಪೈನು ಅಂತ ಬರೆದು
ಪಕ್ಕಕ್ಕೊಂದು ಪ್ರಶ್ನೆಯ ಚಿಹ್ನೆ ಹಾಕಿದೆ,
ಬೇಕಿರಲಿಲ್ಲ.