ಆಸ್ತಿ ಮತ್ತು ಖರ್ಚು

ಪಾಯ್ಸಾಂಡು ಊರಿನ ಈ ಕ್ಲಬ್ಬಿನಲ್ಲಿ
ಲೆಕ್ಕ ಬರೆಯುತ್ತ ನನಗೆ ಇಪ್ಪತ್ತಾರು ವರ್ಷ.
ಗೋಲು ಎಷ್ಟೆಂದು ಕೇಳಬೇಡಿ, ಮರೆತುಹೋಗುತ್ತದೆ;
ಯಾವ ತಿಂಗಳು ಯಾರಿಗೆ ಎಷ್ಟು ಬಾಕಿ ಉಳಿಯಿತು, ಕೇಳಿ,
ನಿದ್ದೆಗಣ್ಣಲ್ಲೂ ಹೇಳುತ್ತೇನೆ.

ನಮ್ಮ ಪುಸ್ತಕದ ಒಂದು ಮಗ್ಗುಲು ಆಸ್ತಿ.
ಅಲ್ಲಿ ಮೈದಾನ, ಎರಡು ದೀಪದ ಕಂಬ, ಕೆಟ್ಟು ನಿಂತ ಬಸ್ಸು,
ಮತ್ತು ಮಾಯ್ಕೋಲ್ ಅರ್ಬೀಸಾ:
ವಯಸ್ಸು ಹತ್ತೊಂಬತ್ತು, ಎಡಗಾಲು.

ಕೋಚ್ ಎಲ್ಬಿಯೋ ಇತುರ್ರಿಯಾ ಬರುವುದು ಬೇರೆ ಹಾಳೆಯಲ್ಲಿ.
ಗೆರೆ ಎಳೆಯುವ ಸುಣ್ಣ, ಬಟ್ಟೆ ಸೋಪು, ಮುಲಾಮು,
ಆಮೇಲೆ ಅವನು.
ನಾನು ಮಾಡಿದ ನಿಯಮವಲ್ಲ.
ಮಾರಲು ಬರುವುದು ಆಸ್ತಿ,
ಬಾರದ್ದು ಖರ್ಚು.

ಹುಡುಗನ ಸಂಬಳದಲ್ಲಿ ಅವನಂಥ ಆರು ಮಂದಿಯನ್ನು ಇಟ್ಟುಕೊಳ್ಳಬಹುದು.
ಭಾಗಿಸಿ ನೋಡಿದ್ದೇನೆ.
ಶೇಷ ಉಳಿದದ್ದರಲ್ಲಿ ಒಂದು ಕಿಲೋ ಯೆರ್ಬಾ ಎಲೆ ಬರುತ್ತಿತ್ತು.

ಜುಲೈ ಚಳಿಯಲ್ಲಿ ಒಮ್ಮೆ, ಕಂಕುಳಲ್ಲಿ ಥರ್ಮಾಸ್ ಅವುಚಿಕೊಂಡು
ಕಿಟಕಿಗೆ ಬಂದ. ಸಹಿ ಹಾಕಿದ. ಹೋಗಲಿಲ್ಲ.
ನಾನು ಹಾಳೆಯ ಮೇಲೆ ಅಂಗೈ ಇಟ್ಟೆ,
ಪರೀಕ್ಷೆಯಲ್ಲಿ ಮಕ್ಕಳು ಉತ್ತರ ಮುಚ್ಚುವ ಹಾಗೆ.
ನಕ್ಕ. "ಮುಚ್ಚಬೇಡ ನಿಲ್ಡಾ, ಇಡೀ ಊರಿಗೇ ಗೊತ್ತು.
ಜನ ದುಡ್ಡು ಕೊಟ್ಟು ಬರುವುದು ನನ್ನ ಕೂಗು ಕೇಳಲಿಕ್ಕಲ್ಲ.
ಅವನ ಮಂಡಿಗೆ ಇನ್ನು ಹನ್ನೆರಡು ವರ್ಷ, ಅದೂ ದೇವರು ನಡೆಸಿದರೆ.
ನನ್ನ ಬಾಯಿ ಸಾಯುವ ತನಕ ಇರುತ್ತದೆ."

ನ್ಯಾಯವಾದ ಮಾತು.
ಮನೆಯ ದಾರಿಯಲ್ಲಿ ಯಾಕೋ ತಾಳೆಯಾಗಲಿಲ್ಲ.
ಬಾಯಿ ಇದ್ದರೆ ಸಾಕೆ, ಅದಕ್ಕೊಂದು ಕೆಲಸ ಬೇಡವೆ?
ಮೂರು ಪಂದ್ಯ ಸೋತರೆ
ಹನ್ನೊಂದು ಜನರನ್ನು ಯಾರೂ ಮನೆಗೆ ಕಳಿಸುವುದಿಲ್ಲ;
ಒಬ್ಬನನ್ನು ಕಳಿಸುವುದು ಅಗ್ಗ.

ಹುಡುಗ ಮೊದಮೊದಲು ಗೋಲಿಗೆ ಬೆನ್ನು ಹಾಕಿ ಕಂಬದಂತೆ ನಿಲ್ಲುತ್ತಿದ್ದ.
ಚೆಂಡು ಬರುವ ಮುಂಚೆ ಅರ್ಧ ಹೆಜ್ಜೆ, ಬರೀ ಅರ್ಧ, ತಿರುಗಿರು:
ಇಷ್ಟನ್ನೇ ಎಲ್ಬಿಯೋ ಎರಡು ಚಳಿಗಾಲ ಹೇಳಿದ.
ಬೆಳಿಗ್ಗೆ ಶಾಲೆಯಲ್ಲಿ ಭೂಗೋಳ ಪಾಠ, ಮಧ್ಯಾಹ್ನ ಈ ಅರ್ಧ ಹೆಜ್ಜೆ.
ತನ್ನ ಅಡುಗೆಮನೆಯ ಕುರ್ಚಿ ತಂದು ಹುಲ್ಲಿನ ಮೇಲಿಟ್ಟು,
"ಇವನು ಡಿಫೆಂಡರ್, ಕಾಲು ಮುರಿಯದೆ ದಾಟು" ಅಂದ.
ಮುರಿಯಿತು.
ಆ ಕುರ್ಚಿಯ ರಸೀದಿ ನನ್ನ ಹತ್ತಿರವಿಲ್ಲ.
ಅವನು ಕೇಳಲೂ ಇಲ್ಲ.

ಜನವರಿಯಲ್ಲಿ ಹುಡುಗನನ್ನು ಬೆಲ್ಜಿಯಂನವರು ಕೊಂಡರು.
ಏಜೆಂಟನಿಗೆ ಪಾಲು, ಏಜೆಂಟನ ಭಾವನಿಗೆ ಪಾಲು,
ಚಿಕ್ಕಂದಿನಲ್ಲಿ ಆಡಿಸಿದ ಕ್ಲಬ್ಬಿಗೆ ಪಾಲು,
ತಾಯಿಗೆ ಸೋರದ ಮನೆ. ಅದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ,
ಕಸಾಯಿಖಾನೆಯಲ್ಲಿ ಇಪ್ಪತ್ತು ವರ್ಷ ದನದ ನಾಲಿಗೆ ತೊಳೆದ ಕೈ ಅವಳದು.
ಗೆದ್ದೆತ್ತಿನ ಬಾಲ ಹಿಡಿದು ಅಧ್ಯಕ್ಷರು ಫೋಟೋಕ್ಕೆ ನಿಂತರು.
ಅರ್ಧ ಹೆಜ್ಜೆಗೆ ಕಾಲಂ ಇರಲಿಲ್ಲ.

ಏಪ್ರಿಲ್‌ನಲ್ಲಿ ತಂಡ ಮೂರು ಸೋತಿತು.
ಎಲ್ಬಿಯೋನ ಲೆಕ್ಕ ಚುಕ್ತಾ ಮಾಡಿದವಳು ನಾನೇ:
ಎರಡು ತಿಂಗಳ ಬಾಕಿ, ಏಳು ದಿನದ ರಜೆ,
ಕಳೆದುಹೋದ ಒಂದು ಸೀಟಿಗೆ ಕಡಿತ.
ಸೀಟಿಯನ್ನು ಹೊಡೆದುಹಾಕಿದೆ.
ಇಪ್ಪತ್ತಾರು ವರ್ಷದಲ್ಲಿ ನಾನು ಬರೆದ ಒಂದೇ ಸುಳ್ಳು ಲೆಕ್ಕ.

ಮೊನ್ನೆ ಟಿವಿಯಲ್ಲಿ ಹುಡುಗ ಕಂಡ.
ಮೈತುಂಬಿದ್ದಾನೆ, ಕೂದಲಿಗೆ ಬಣ್ಣ.
ಚೆಂಡು ಬರುವ ಮುಂಚೆ ಅರ್ಧ ತಿರುಗಿದ,
ಡಿಫೆಂಡರ್ ಅಡುಗೆಮನೆಯ ಕುರ್ಚಿಯಂತೆ ನಿಂತೇ ಇದ್ದ.
"ಇದು ಹುಟ್ಟಿನಿಂದ ಬಂದದ್ದು, ಕಲಿಸಿ ಬರುವಂಥದ್ದಲ್ಲ"
ಅಂದ ಟಿವಿಯವನು.
ಪಕ್ಕದ ಮನೆಯಲ್ಲಿ ಪಟಾಕಿ.

ನಾನು ಎದ್ದು ಒಲೆ ಮೇಲಿನ ಕೆಟಲ್ ಇಳಿಸಿದೆ.
ಯೆರ್ಬಾಕ್ಕೆ ನೀರು ಕುದಿಯಬಾರದು, ಕುದಿಯುವ ಅಂಚಿಗೆ ತಡೆಯಬೇಕು.
ಅದನ್ನು ನನಗೆ ಕಲಿಸಿದ್ದು ಯಾರೋ,
ನೆನಪಿಲ್ಲ.