ಮೂರನೇ ಕಾವಲುಗಾರ

ಆ ಆಟದಲ್ಲಿ ಕಾವೇರಿ ಎಂಟು ದಿನ ಮೊದಲೇ ಉಕ್ಕುತ್ತಾಳೆ.
ಅಷ್ಟೇ ವ್ಯತ್ಯಾಸ.
ದಂಡು ಹೊಳೆ ದಾಟಲಾರದೆ ಆಚೆ ದಡದಲ್ಲೇ ಕೊಳೆಯುತ್ತದೆ,
ಶ್ರೀರಂಗಪಟ್ಟಣದ ಕೋಟೆ ಬೀಳುವುದಿಲ್ಲ.
ನೂರು ವರ್ಷ ಕಳೆದ ಮೇಲೆ ಕತೆ ಶುರು:
ಬತೇರಿಯ ಮೇಲೆ ಸಾಲಾಗಿ ಉಕ್ಕಿನ ಬಾಣಗಳು,
ಗಂಜಾಮಿನ ಅಂಜೂರದ ತೋಟದಲ್ಲಿ ಹೊಗೆಬಂಡಿಯ ನಿಲ್ದಾಣ,
ನೀರಬಾಗಿಲಲ್ಲಿ ನಾನು,
ಮೂರನೇ ಕಾವಲುಗಾರ.
ಮುಖ ನನ್ನದಲ್ಲ, ಮೀಸೆ ಯಾರದೋ.
ದನಿ ಮಾತ್ರ ನನ್ನದು.

ಹೊಟ್ಟೆಪಾಡಿಗೆ ನಾನು ಆಟೋ ಮೈಕಿನವನು.
ಕರೆಂಟಿಲ್ಲದ ದಿನ, ಪೋಲಿಯೊ ಹನಿ, ಕಳೆದುಹೋದ ಎಮ್ಮೆ,
ಹುರುಳಿ ಕ್ಯಾತೇಗೌಡರ ಹನ್ನೊಂದರ ತಿಥಿ,
ಕಿರಂಗೂರಿನಿಂದ ಪಾಲಹಳ್ಳಿಯವರೆಗೆ
ಎಲ್ಲಕ್ಕೂ ಇದೊಂದೇ ಗಂಟಲು.

ಮೈಸೂರಿನ ಸರಸ್ವತಿಪುರದಲ್ಲಿ
ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ ಕೋಣೆ.
"ಸಾಯಿರಿ" ಅಂದರು.
ಸತ್ತೆ.
"ಇದು ಬೆಂಕಿಯ ಸಾವು ಸಾರ್, ನೀವು ಸತ್ತಿದ್ದು ಗುಂಡಿಗೆ."
ಮತ್ತೆ ಸತ್ತೆ. ಎತ್ತರದಿಂದ ಬಿದ್ದು, ನೀರು ಕುಡಿದು,
ಹಿಂದಿನಿಂದ ಯಾರೋ ಬಾಯಿ ಮುಚ್ಚಿ ಕತ್ತು ಕೊಯ್ದು.
ಅದಕ್ಕೆ ಕೂಗು ಬೇಡ, ಬರೀ ಉಸಿರು ಸಾಕು ಅಂದರು.
ಅದೇ ಕಷ್ಟವಾಯಿತು.
ಮೂವತ್ತೊಂದು ಸಾವಿಗೆ ನಾಲ್ಕು ಸಾವಿರ, ಮೇಲೊಂದು ಮಸಾಲೆ ದೋಸೆ.

ಕೊನೆಗೆ, ಸುಮ್ಮನೆ ನಿಂತಾಗ ಆಡುವ ಮಾತು ಒಂದು.
ಹಾಳೆಯಲ್ಲಿ ಬರೆದಿತ್ತು:
"ಈ ರಾತ್ರಿ ಬಹಳ ನಿಶ್ಶಬ್ದವಾಗಿದೆ, ಗೆಳೆಯ."
ನಮ್ಮ ಕಡೆ ಯಾರೂ ಹಂಗನ್ನಲ್ಲ ಅಂದೆ.
ಮತ್ತೇನಂತಾರೆ?
"ಹೊಳೆ ಸದ್ದೇ ಇಲ್ವಲ್ಲಾ ಇವತ್ತು, ಮನೀಕಂಬುಡ್ತಾ?"
ಹುಡುಗ ನಕ್ಕ. ಇರಲಿ ಅಂದ.

ಶಾಲೆಯಲ್ಲಿ ಸಿಂಗ್ರಯ್ಯ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದರು:
ನಾನು ಉತ್ತಮ ಪುರುಷ. ನೀನು ಮಧ್ಯಮ. ಅವನು ಪ್ರಥಮ.
ಆಟದಲ್ಲಿ ಉತ್ತಮ ಪುರುಷನಿಗೆ ಮುಖವಿಲ್ಲ,
ಬರೀ ಎರಡು ಕೈ, ಕೈಯಲ್ಲೊಂದು ಕೋವಿ,
ಕೋವಿಯ ತುದಿಗೆ ಸಾಸಿವೆಯಷ್ಟು ಕೆಂಪು ಚುಕ್ಕೆ.
ಚುಕ್ಕೆ ಬಿದ್ದಲ್ಲಿ ನಾನಿದ್ದರೆ
ನಾನು, ಅವನು.

ಅಕ್ಕನ ಮಗಳು ಗಾನವಿ ಆಡುತ್ತಾಳೆ.
ಮೊದಲ ವಾರ ಅಡುಗೆಮನೆಗೂ ಕೇಳುತ್ತಿತ್ತು ನನ್ನ ಸಾವು.
ಮುದ್ದೆ ತಿರುವುತ್ತಿದ್ದ ಅಕ್ಕ ಕೋಲು ಬಿಟ್ಟು ಓಡಿಬರುತ್ತಿದ್ದಳು.
ಆಮೇಲೆ ರೂಢಿಯಾಯಿತು,
"ನಿನ್ ಮಾವ ಬಿದ್ದ, ಏಳು, ತಟ್ಟೆ ಹಾಕು" ಅನ್ನುವಷ್ಟು.

ನಿನ್ನೆ ಮಾತ್ರ ಹುಡುಗಿ ಗುಂಡು ಹಾರಿಸಲಿಲ್ಲ.
ಮದ್ದಿನ ಪೆಟ್ಟಿಗೆಯ ಹಿಂದೆ ಕುಕ್ಕರಗಾಲಲ್ಲಿ ಅಡಗಿ
ಹತ್ತು ನಿಮಿಷ, ಹದಿನೈದು.
ಕಾವಲುಗಾರ ಆ ಕಡೆ ಹೋದ, ಈ ಕಡೆ ಬಂದ,
ಕೆಮ್ಮಿದ.
ನಾನು ಬೆಚ್ಚಿದೆ. ಅದು ಹಾಳೆಯಲ್ಲಿರಲಿಲ್ಲ.
ಆ ಬೇಸಿಗೆ ನನಗೆ ನಿಜಕ್ಕೂ ಕೆಮ್ಮಿತ್ತು, ಅಳಿಸಲು ಮರೆತಿದ್ದಾರೆ.
ಆಮೇಲವನು ನೀರಿನ ಕಡೆ ತಿರುಗಿ
ಹೊಳೆ ಮಲಗಿತೋ ಏನೋ ಎಂದು ಕೇಳಿದ,
ಪಕ್ಕದಲ್ಲಿ ಯಾರೂ ಇರಲಿಲ್ಲ.

"ಇವನನ್ನ ಬೀಳಿಸದೆ ಬಾಗಿಲು ತೆರೆಯಲ್ಲ ಮಾವ,
ಕತೆ ಮುಂದಕ್ಕೆ ಹೋಗಲ್ಲ."
ಹೋಗದಿದ್ದರೆ?
ತುಟಿ ಉಬ್ಬಿಸಿ, ಕಂಟ್ರೋಲರ್ ಚಾಪೆಯ ಮೇಲಿಟ್ಟು
ಮಲಗಲು ಹೋದಳು.

ರಾತ್ರಿ ಎರಡಕ್ಕೆ ಎಚ್ಚರ.
ಕಿಟಕಿಯಾಚೆ ಬಿದ್ದ ಕೋಟೆ, ಗೋಡೆಯ ಸಂದಿಯಲ್ಲಿ ಯಾರದೋ ಮೇಕೆ.
ಅಣೆಕಟ್ಟೆಯಿಂದ ನೀರು ಬಿಟ್ಟಿಲ್ಲ, ಸದ್ದಿಲ್ಲ.
ಟೀವಿ ಹಾಗೇ ಉರಿಯುತ್ತಿದೆ. ಬೀಳದ ಕೋಟೆಯ ಮೇಲೆ
ಅವನಿನ್ನೂ ಅಡ್ಡಾಡುತ್ತಿದ್ದಾನೆ,
ಪಾಳಿ ಬದಲಿಸಲು ಯಾರೂ ಬಂದಿಲ್ಲ.

ಕತ್ತಲಲ್ಲಿ ಕಾಲು ತಾಗಿ ಕಂಟ್ರೋಲರ್ ಉರುಳಿತು.
ಗಕ್ಕನೆ ನಿಂತ. ನನ್ನ ಗಂಟಲಿನಿಂದಲೇ ಕೇಳಿದ,
"ಯಾರ್ಲಾ ಅದು?"

"ನಾನು ಕಣ್ಲಾ" ಅಂದೆ.